ಪ್ರಿಡ್ಮೋರ್ ಹೊಲದಂಚಿನ ದಾರಿ

ಏಪ್ರಿಲ್ 14, ಮಂಗಳವಾರ. ಬೆಳಿಗ್ಗೆ 7

ಇದನ್ನು ಈ ಡೈರಿಯಲ್ಲೂ ಬರೆಯದೆ ಬಿಡುವವಳಿದ್ದೆ: ಅಪ್ಪ ಪ್ರತಿ ಸಲವೂ ಅಪ್ಪಣೆ ಕೇಳುತ್ತಿದ್ದರು.

ನಡೆಯಲು ಹೊರಡಬೇಕು. ಬೂಟಿನ ಕೆಸರು ಇನ್ನೂ ಒಣಗಿಲ್ಲ. ಥ್ರಶ್‌ಕೋಟ್‌ನಲ್ಲಿ ಒಂಬತ್ತು ಮನೆ, ಒಂದು ಚರ್ಚು — ನಾನು ಚಿಕ್ಕವಳಿದ್ದಾಗಲೂ ಅಷ್ಟೇ. ಈಸ್ಟರ್ ರಜೆಗೆ ಅಪ್ಪನೂ ನಾನೂ ಬಾಡಿಗೆಗೆ ಕೋಣೆ ಕೊಡುವ ಡೊರೀನ್ ಮನೆಯ ಇದೇ ಮಹಡಿ ಕೋಣೆಗೆ ಬರುತ್ತಿದ್ದೆವು. ಕಾಡುಮೊಲ ನೋಡಲು. ಹೊಲದಂಚಿನ ಕಾಲುದಾರಿ ಹಿಡಿಯುವ ಮೊದಲು ಅಪ್ಪ ರೈತ ಪ್ರಿಡ್ಮೋರ್‌ನ ಬಾಗಿಲು ತಟ್ಟಿ, ಟೋಪಿ ತೆಗೆದು ನಿಲ್ಲುತ್ತಿದ್ದರು. ಮುದುಕ ಟೋಸ್ಟ್ ಅಗಿಯುತ್ತಲೇ, "ಹೋಗಿ, ಹೋಗಿ. ಗೇಟ್ ಹಾಕೋದು ಮರೀಬೇಡಿ." ನನಗೋ ನಾಚಿಕೆ. ಬೇರೆ ಯಾರೂ ಕೇಳದ್ದನ್ನು ಇವರೇಕೆ ಕೇಳಬೇಕು?

ಪ್ರಿಡ್ಮೋರ್ ಈಗಿಲ್ಲ. ಹೊಲ ಕೊಂಡವರು ಗೇಟಿಗೆ ಬೀಗ ಹಾಕಿದ್ದಾರೆ.

ಅದೇ ದಿನ, ಸಂಜೆ

ದಾರಿ ಬಿಡಿಸಲು ಓಡಾಡುತ್ತಿರುವವರು ಡೊರೀನ್. ಎಂಬತ್ತೊಂದು ವಯಸ್ಸು. ಕಾನೂನಿನ ಪ್ರಕಾರ, ಇಪ್ಪತ್ತು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಜನ ನಡೆದಿದ್ದರೆ ಅದು ಎಲ್ಲರ ದಾರಿ. ಕೌನ್ಸಿಲ್‌ಗೆ ಹಾಗೆ ನಡೆದವರ ಸಾಕ್ಷಿ ಬೇಕು. ಫಾರಂ ಮುಂದಿಟ್ಟರು.

"ಆರು ಜನ ಉಳಿದಿದ್ದೀವಿ ಕಣೇ ಹಿಲರಿ. ಒಬ್ಬನಿಗೆ ನೆನಪಿಲ್ಲ, ಇಬ್ಬರಿಗೆ ಕಣ್ಣು ಕಾಣಲ್ಲ. ನಿನ್ನ ಅಕ್ಷರನಾದ್ರೂ ಓದೋ ಹಾಗಿದೆ."

ಅಪ್ಪನ ವಿಷಯ ಹೇಳಿದೆ. ಟೀ ಬಗ್ಗಿಸುತ್ತಿದ್ದ ಕೈ ನಿಂತಿತು.

"ಬೇಲಿಗೆ ತಾಗಿದ್ರೂ ಸಾರಿ ಅನ್ನೋ ಮನುಷ್ಯ ನಿಮ್ಮಪ್ಪ! ಒಬ್ಬರು ಕೇಳಿದ್ರು ಅಂದ್ರೆ ಸಾಕು, ಹೊಲ ಕೊಂಡವರ ವಕೀಲ ಅದನ್ನೇ ಹಿಡ್ಕೊಂಡು ಜಗ್ತಾನೆ. ಅಪ್ಪಣೆ ಪಡೆದಿದ್ರಾ ಅನ್ನೋ ಪ್ರಶ್ನೆ ಖಾಲಿ ಬಿಡು."

"ಅದು ಸುಳ್ಳಾಗಲ್ವಾ?"

"ಸುಳ್ಳಲ್ಲ ಮಗಳೇ, ಮರೆವು. ನಿನ್ನ ವಯಸ್ಸಿಗೆ ಶುರುವಾಗತ್ತೆ."

ಏಪ್ರಿಲ್ 15

ಬೀಗದಾಚೆ ಎರಡು ಮೊಲ, ಹಿಂಗಾಲ ಮೇಲೆ ನಿಂತು ಗುದ್ದಾಟ. ಅಪ್ಪ ಇದ್ದಿದ್ದರೆ ಮಾತಾಡದೆ ನನ್ನ ತೋಳು ಒತ್ತುತ್ತಿದ್ದರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಸ್ಮಶಾನದಲ್ಲಿ ಸಿಗದವರು ಆ ದಾರಿಯಲ್ಲಿ ಸಿಗುತ್ತಾರೆ... ಅವರ ವಿನಯವೇ ಅದನ್ನು ಮುಚ್ಚಿಸುವುದಾದರೆ?

ಏಪ್ರಿಲ್ 18, ಶನಿವಾರ

ಎರಡು ದಿನ ಫಾರಂ ಮುಟ್ಟಲಿಲ್ಲ. ಇಂದು ತುಂಬಿದೆ. ಹದಿನಾಲ್ಕನೆಯ ಪ್ರಶ್ನೆ: ಅಪ್ಪಣೆ ಪಡೆದಿದ್ದಿರಾ? ಇಲ್ಲ ಎಂದರೆ ದಾರಿ ಉಳಿದೀತು. ಆದರೆ ಆ ದಾರಿಯಲ್ಲಿ ನಡೆದ ಅಪ್ಪ ಬೇರೆ ಯಾರೋ ಆಗಿಬಿಡುತ್ತಾರೆ. ಬರೆದೆ — ಹೌದು. ಪ್ರತಿ ಸಲ.

ಡೊರೀನ್ ಎರಡು ಸಲ ಓದಿದರು. "ಹಾಳಾದ್ದು. ಅಪ್ಪನ ಮಗಳೇ ನೀನು." ಸ್ಟಾಂಪು ತಾವೇ ಅಂಟಿಸಿದರು.

ನಾಳೆ ಭಾನುವಾರ, ಅಂಚೆಯಿಲ್ಲ. ಹಾಕುವುದು ಸೋಮವಾರ, ಏಪ್ರಿಲ್ 20ರಂದು, ನಾನೇ.