ಬಟ್ಟೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲವಂತೆ

ಮಾನ್ಯ ಮಾಲಿನ್ಯ ನಿಯಂತ್ರಣಾಧಿಕಾರಿಗಳೇ,

ಎಣ್ಣೆ ಬೆರೆತ ನೀರನ್ನು ಚರಂಡಿಗೆ ಬಿಟ್ಟ ಅಪರಾಧಕ್ಕಾಗಿ ತಾವು ನನ್ನ ಲಾಂಡ್ರಿಗೆ ಬೀಗ ಜಡಿಸಿದ್ದೀರಿ. ಅದೇ ವಾರ, ಆ ಎಣ್ಣೆಯ ತವರುಮನೆಯಾದ ತೈಲ ಶುದ್ಧೀಕರಣ ಕಾರ್ಖಾನೆಯ ವೇದಿಕೆ ಹತ್ತಿ, 'ಗೇಟಿನಾಚೆಗೆ ತೊಟ್ಟು ತ್ಯಾಜ್ಯವನ್ನೂ ಬಿಡದ ಸಂಸ್ಥೆ' ಎಂದು ಹೊಗಳಿ ಫಲಕ ಕೊಟ್ಟು ಬಂದಿದ್ದೀರಿ. ಎರಡೂ ಫೋಟೊ ಒಂದೇ ಪತ್ರಿಕೆಯ ಒಂದೇ ಪುಟದಲ್ಲಿ ಬಂದವು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆಮೇಲೆ ಕೋತಿಗೆ ಸನ್ಮಾನ ಮಾಡಿದ್ದು ಮಾತ್ರ ಗಾದೆಯಲ್ಲಿಲ್ಲ, ಅದು ತಮ್ಮ ಕಚೇರಿಯ ಸ್ವಂತ ಕೊಡುಗೆ.

ಎಣ್ಣೆ ನನ್ನ ಲಾಂಡ್ರಿಯ ಕೊಳವೆಯಿಂದ ಹೋಗಿದ್ದು ನಿಜ, ಇಲ್ಲವೆನ್ನುವುದಿಲ್ಲ. ಆದರೆ ಲಾಂಡ್ರಿಯ ಹಿತ್ತಲಲ್ಲಿ ನಾನು ಎಣ್ಣೆ ಬಾವಿ ತೋಡಿಕೊಂಡಿದ್ದೇನೆಂದು ತಾವು ನಂಬಿದ್ದೀರೋ ಏನೋ. ಕಚ್ಚಾ ತೈಲ ತುಂಬಿಡುವ ದೊಡ್ಡ ಟ್ಯಾಂಕುಗಳ ತಳದಲ್ಲಿ ಕಪ್ಪು ರಾಡಿ ಕೂರುತ್ತದೆ. ಒಳಗಿಳಿದು ಅದನ್ನು ಕೆರೆದು ತೆಗೆಯುವ ತಂಡದಲ್ಲಿ ನನ್ನ ಒಡಹುಟ್ಟಿದ ತಮ್ಮನಿದ್ದಾನೆ. ಕೆರೆದ ರಾಡಿಯನ್ನು ಡ್ರಮ್ಮಿಗೆ ತುಂಬಿ, ತಲೆಬುರುಡೆಯ ಚಿತ್ರ ಅಂಟಿಸಿ, ಮದುಮಗಳನ್ನು ಕಳಿಸಿದಷ್ಟು ಜೋಪಾನವಾಗಿ ಸಾಗಿಸುತ್ತಾರೆ. ಕೆರೆದವನು ತೊಟ್ಟ ಡಾಂಗ್ರಿಗೆ, ಅಂದರೆ ಮೈತುಂಬ ಮುಚ್ಚುವ ಕೆಲಸದ ಅಂಗಿಗೆ, ಕುತ್ತಿಗೆಯಿಂದ ಕಾಲಿನವರೆಗೆ ಮೆತ್ತಿಕೊಂಡ ಅದೇ ರಾಡಿಗೆ ಯಾವ ಬುರುಡೆಯೂ ಇಲ್ಲ. ಡ್ರಮ್ಮಿನಲ್ಲಿದ್ದರೆ ಅಪಾಯಕಾರಿ ತ್ಯಾಜ್ಯ, ಮನುಷ್ಯನ ತೋಳ ಮೇಲಿದ್ದರೆ ಸಮವಸ್ತ್ರ. ಈ ವಿಂಗಡಣೆ ಮಾಡಿದ ಪಂಡಿತರು ಯಾರು?

ಮೊದಲು ಕಾರ್ಖಾನೆಯ ಒಳಗೇ ಒಗೆಯುವ ಮನೆಯಿತ್ತು. ಬಿಸಿನೀರು, ದೊಡ್ಡ ಯಂತ್ರಗಳು, ಒಗೆದ ನೀರು ನೇರ ಅವರದೇ ಶುದ್ಧೀಕರಣ ಘಟಕಕ್ಕೆ. ಆ ನೀರೆಲ್ಲ ವರ್ಷದ ಕೊನೆಗೆ ಅವರ ತ್ಯಾಜ್ಯವೆಂದೇ ಲೆಕ್ಕವಾಗುತ್ತಿತ್ತು. ಬಟ್ಟೆಯನ್ನೇ ಹೊರಗೆ ಕಳಿಸಿಬಿಟ್ಟರೆ ಹೇಗೆ ಎಂದು ಯಾರೋ ಬುದ್ಧಿವಂತರಿಗೆ ಹೊಳೆಯಿತು. ಒಗೆಯುವ ಮನೆ ಮುಚ್ಚಿತು, ಮೂಟೆಗಳು ನನ್ನ ಬಾಗಿಲಿಗೆ ಬಂದವು. ಹೋಟೆಲಿನ ಹೊದಿಕೆ, ಆಸ್ಪತ್ರೆಯ ಪರದೆ ಒಗೆಯುವ ಯಂತ್ರಗಳಲ್ಲಿ ನಾನು ಟ್ಯಾಂಕಿನ ತಳವನ್ನು ಒಗೆಯತೊಡಗಿದೆ.

ತಮ್ಮ ಇನ್‌ಸ್ಪೆಕ್ಟರು ಬಂದಾಗ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದೇನೆ.

"ಎಣ್ಣೆ ಎಲ್ಲಿಂದ ಬಂತಮ್ಮ?"

"ಬಟ್ಟೆಯಿಂದ ಬಂತು ಸಾರ್. ಬಟ್ಟೆ ಅಲ್ಲಿಂದ ಬಂತು" ಎಂದು ಬಾಗಿಲಿಗೇ ಕಾಣುವ ಚಿಮಣಿ ತೋರಿಸಿದೆ. ಪುಣ್ಯಾತ್ಮ ಕತ್ತು ಕೂಡ ತಿರುಗಿಸಲಿಲ್ಲ.

"ಬಟ್ಟೆ ನಮ್ಮ ವ್ಯಾಪ್ತಿಗೆ ಬರಲ್ಲ. ನೀರು ಬರುತ್ತೆ."

"ಹಾಗಾದ್ರೆ ಒಗೀದೆ ವಾಪಸ್ ಕಳಿಸ್ಲಾ?"

"ಅದು ನಿಮಗೂ ಅವರಿಗೂ ಬಿಟ್ಟಿದ್ದು. ಮಧ್ಯ ನಮ್ಮನ್ಯಾಕೆ ಎಳೀತೀರಿ?"

ಸರಿ, ಬೀಗ ಬಿತ್ತು. ಅಲ್ಲಿಗೆ ರಾಡಿ ನಿಂತಿತೆ? 'ಬದಲಿ ವ್ಯವಸ್ಥೆ ಆಗುವವರೆಗೆ ಸಮವಸ್ತ್ರದ ಸ್ವಚ್ಛತೆ ಆಯಾ ನೌಕರರ ಹೊಣೆ' ಎಂದು ಕಾರ್ಖಾನೆಯವರು ಗೇಟಿಗೆ ಬೋರ್ಡು ತಗುಲಿಸಿದರು. ಈಗ ನನ್ನ ತಮ್ಮ ಆ ಡಾಂಗ್ರಿ ತೊಟ್ಟುಕೊಂಡೇ ಮನೆಗೆ ಬರುತ್ತಾನೆ. ಅವನ ಹೆಂಡತಿ ಬಚ್ಚಲಲ್ಲಿ ಕೂತು ಬರಿಗೈಯಲ್ಲಿ ಉಜ್ಜುತ್ತಾಳೆ. ಇರುವುದೊಂದೇ ಬಚ್ಚಲು, ಮಗುವಿಗೆ ನೀರು ಹಾಕುವುದೂ ಅಲ್ಲೇ, ಅದರ ಬಟ್ಟೆ ನೆನೆಸುವ ಬಕೆಟ್ಟೂ ಅದೇ. ಮೊನ್ನೆ ನಾನು ಹೋದಾಗ ಮೊಣಕೈವರೆಗೆ ಗಂದೆ ಎದ್ದ ಕೈಗಳನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡಳು.

"ಉರಿಯೋದು ಇರ್ಲಿ ಬಿಡಿ ಅತ್ತಿಗೆ" ಅಂದಳು. "ಎಷ್ಟು ತೊಳ್ಕೊಂಡ್ರೂ ವಾಸನೆ ಹೋಗಲ್ಲ. ತುತ್ತು ಕೊಡೋಕೆ ಹೋದ್ರೆ ಮಗು ಮುಖ ತಿರುಗಿಸುತ್ತೆ. ನನ್ನ ಕೈಲಿ ತಿನ್ನೋದೇ ಬಿಟ್ಟಿದೆ."

ತಾವು ಭಾಷಣಗಳಲ್ಲಿ ಬಾಯಿತುಂಬ ಹೇಳುವ 'ಸುಸ್ಥಿರ ತ್ಯಾಜ್ಯ ನಿರ್ವಹಣೆ' ಎಂದರೆ ಇದೇ ಏನು? ಟ್ಯಾಂಕಿನಿಂದ ಲಾಂಡ್ರಿಗೆ, ಲಾಂಡ್ರಿಯಿಂದ ಬಚ್ಚಲಿಗೆ, ಅಲ್ಲಿಂದ ಹೆತ್ತವಳ ಬೆರಳಿಗೆ ರಾಡಿಯನ್ನು ದಾಟಿಸಿ ಕೈತೊಳೆದುಕೊಳ್ಳುವುದೆ? ಕಾರ್ಖಾನೆಯ ಕೊಳೆಯನ್ನು ಮನೆಮನೆಗೆ ಹಂಚಿಬಿಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ನಿಜ. ತಮ್ಮ ಕಣ್ಣಿಗಂತೂ ಬಿದ್ದಿಲ್ಲ.

ನನ್ನ ಬೇಡಿಕೆ ಕೇಳಿ. ನನ್ನ ಬಾಗಿಲ ಬೀಗ ಹಾಗೇ ಇರಲಿ, ಆ ಜಗಳವನ್ನು ಆಮೇಲೆ ಇಟ್ಟುಕೊಳ್ಳೋಣ. ಆ ಬಟ್ಟೆ ನನ್ನಲ್ಲಿಗೆ ಬರಲೇಬಾರದಿತ್ತು, ಇನ್ನು ಮೇಲೆ ಬರುವುದೂ ಬೇಡ. ಕಾರ್ಖಾನೆಯ ಒಳಗಿನ ಒಗೆಯುವ ಮನೆಯನ್ನು ತೆರೆಸಿ. ತ್ಯಾಜ್ಯ ಹುಟ್ಟಿದಲ್ಲೇ ಅದರ ವಿಲೇವಾರಿಯಾಗಬೇಕೆಂದು ತಮ್ಮ ಕಚೇರಿಯ ಗೋಡೆಗೆ ಬರೆಸಿರುವುದು ಉಳಿದ ಬಣ್ಣ ಖರ್ಚು ಮಾಡಲೆಂದಲ್ಲ ತಾನೆ?

ಅಲ್ಲಿಯವರೆಗೆ ಏನು ಮಾಡುವುದೆಂದು ಟ್ಯಾಂಕಿಗಿಳಿಯುವವರೇ ತೀರ್ಮಾನಿಸಿದ್ದಾರೆ.

"ಇನ್ನು ಮನೆಗೆ ತರಲ್ಲ ಅಕ್ಕ" ಅಂದ ನನ್ನ ತಮ್ಮ. "ಎಲ್ಲರೂ ಗೇಟಲ್ಲೇ ಬಿಚ್ಚಿಟ್ಟು, ಬನಿಯನ್-ಚಡ್ಡೀಲಿ ನಡ್ಕೊಂಡು ಬರ್ತೀವಿ."

"ಬೇರೆ ಬಟ್ಟೆ ತಗೊಂಡು ಹೋಗ್ಬಹುದಲ್ಲೋ?"

"ಹೋಗ್ಬಹುದು. ಆಗ ಯಾರು ನೋಡ್ತಾರೆ?"

ಸೋಮವಾರದಿಂದ ಶುರು. ಅವರು ಮನೆಗೆ ಹೋಗುವ ದಾರಿ ತಮ್ಮ ಕಚೇರಿಯ ಕಿಟಕಿಯ ಕೆಳಗೇ ಹಾದುಹೋಗುತ್ತದೆ. ದಯವಿಟ್ಟು ಪರದೆ ಎಳೆದುಕೊಳ್ಳಬೇಡಿ. ಮೆಟ್ಟಿಲಿಳಿದು ಬಂದು, ಆ ಗಂಡಸರ ಮುಖ ನೋಡಿ, ಗೇಟಿನಲ್ಲಿ ಬಿದ್ದಿರುವ ಬಟ್ಟೆಗಳನ್ನು ಯಾರು ಒಗೆಯಬೇಕೆಂದು ತಾವೇ ಹೇಳಿ. ನನ್ನ ತಮ್ಮನ ಹೆಂಡತಿ ಒಗೆಯುವುದಿಲ್ಲ. ಅವಳು ಮಗುವಿಗೆ ಉಣ್ಣಿಸಬೇಕು.

ಇಂತಿ,
ಕಂಡವರ ಕೊಳೆ ತೊಳೆದೂ ತೊಳೆದೂ ಕೊನೆಗೆ ತಾನೇ ಮಾಲಿನ್ಯವೆನಿಸಿಕೊಂಡ ಲಾಂಡ್ರಿಯವಳು