ಮೊಳೆಗೆ ತೂಗಿದ ಹೆರಾಲ್ಡ್

ರಾಣೆಬೆನ್ನೂರು
ಮಂಗಳವಾರ, ೪ ಫೆಬ್ರುವರಿ ೨೦೨೫

ಬ್ಯಾಡಗಿಯ ದೋಸ್ತ ತಿರಕಪ್ಪನಿಗೆ,

ಡಾಕಪ್ಪನ ನಮಸ್ಕಾರ. ದೋಸ್ತ ಅನ್ನುವ ಶಬ್ದ ನಿನಗೆ ಸೇರದಿದ್ದರೆ ಅದೊಂದನ್ನು ಹೊಡೆದುಹಾಕಿ ಮುಂದಕ್ಕೆ ಓದು. ಕಾಗದ ಹರಿಯುವುದಿದ್ದರೆ ಓದಿ ಹರಿ. ಜೊತೆಗೊಂದು ಡಬ್ಬಿ ಕಳಿಸಿದ್ದೇನೆ, ಅದನ್ನು ಮಾತ್ರ ಓದಿ ಮುಗಿಸುವ ತನಕ ಬಿಚ್ಚಬೇಡ.

ಇಷ್ಟು ಹತ್ತಿರದ ಊರಿಗೆ ಈ ಕಾಲದಲ್ಲಿ ಕಾಗದ ಯಾಕೆ ಅಂತೀಯಾ? ಎರಡು ವರ್ಷದಲ್ಲಿ ನಿನಗೆ ಹದಿನೇಳು ಸಲ ಫೋನ್ ಮಾಡಿದೆ. ಒಂದೂ ತಾಗಲಿಲ್ಲ. ನಿನ್ನ ಫೋನು ಕೆಟ್ಟಿದೆ, ರಿಪೇರಿಗೆ ಪುರಸೊತ್ತಿಲ್ಲ ಎಂದುಕೊಂಡಿದ್ದೆ. ಮೊನ್ನೆ ಅಂಜಲಿ ನನ್ನ ಫೋನು ಇಸಿದುಕೊಂಡು ನೋಡಿ, "ಕಾಕಾ, ಅವರ ಫೋನ್ ಚಲೋನ ಐತ್ರಿ. ನಿಮ್ಮನ್ನ ಬ್ಲಾಕ್ ಮಾಡ್ಯಾರ" ಎಂದಳು. ಐವತ್ತೆಂಟನೇ ವಯಸ್ಸಿಗೆ ಒಂದು ಹೊಸ ವಿದ್ಯೆ ತಿಳಿಯಿತು.

ಅಂಜಲಿ ಯಾರೆಂದು ನಿನಗೆ ಗೊತ್ತಿಲ್ಲ. ಹಾವೇರಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು. ಇಸಾಕಸಾಬನ ಫರ್ನಿಚರ್ ಅಂಗಡಿಗೆ ಮೇಜು ಮಾಡಿಸಲು ಬಂದವಳು ಮಹಡಿಯ ಮೇಲೆ ಏನೋ ಗುಂಯ್ಗುಡುವುದು ಕೇಳಿ ಹತ್ತಿ ಬಂದಳು, ಹಾಗೆಯೇ ನಮ್ಮ ಆಟದ ಗಾಡಿಗಳ ಸಂಘದವಳಾದಳು. ಅವಳಿಗೆ ಆಟ ತಿಳಿಸಿ ಹೇಳುವ ಪಾಳಿ ನನ್ನದಾಯಿತು. ಹಲಗೆಯಲ್ಲಿ ಗೀರು ಕೊರೆದು ಎರಡೂ ಬದಿಗೆ ತಾಮ್ರದ ಪಟ್ಟಿ ಅಂಟಿಸಿ ಕರೆಂಟು ಬಿಟ್ಟಿದ್ದೇವೆ. ಅಂಗೈಯಷ್ಟಿರುವ ಗಾಡಿಯ ಮೂತಿಯ ಕೆಳಗಿನ ಗೂಟ ಆ ಗೀರಿನಲ್ಲಿ ಕುಳಿತುಕೊಳ್ಳುತ್ತದೆ. ಕೈಯಲ್ಲಿನ ಗುಂಡಿ ಎಷ್ಟು ಒತ್ತಿದರೆ ಅಷ್ಟು ಓಟ. ತಿರುವಿನಲ್ಲಿ ದುರಾಸೆ ಮಾಡಿದರೆ ಗಾಡಿ ಹಾರಿ ಗೋಡೆಗೆ. ಅರವತ್ತರ ದಶಕದಲ್ಲಿ ನಮ್ಮ ರಸ್ತೆಗಳ ಮೇಲೆ ಓಡಿದ ಕಾರುಗಳನ್ನಷ್ಟೇ ಕಟ್ಟಬೇಕು, ಕೈಯಿಂದಲೇ ಕಟ್ಟಬೇಕು. ಟೈರಿಗೆ ಅಂಟು, ಎಣ್ಣೆ ಹಚ್ಚಬಾರದು. ಮೋಟಾರಿನ ತಂತಿ ಅರವತ್ತು ಸುತ್ತು, ಯಾರದೇ ಆಗಲಿ.

ಎಲ್ಲ ಕೇಳಿಸಿಕೊಂಡು ಅವಳು ಬಾಗಿಲ ಮೇಲಿನ ಮೊಳೆಗೆ ತೂಗಿದ ಗಾಡಿ ನೋಡಿದಳು. "ಆ ಹೆರಾಲ್ಡ್ ಯಾರದ್ರಿ?"

ಯಾರೋ ಹಿಂದಿನಿಂದ, "ಅದು ಕಳ್ಳ ಗಾಡೀರಿ" ಎಂದರು. ನಾನು ಬೆಸುಗೆ ಹಾಕುವವನಂತೆ ತಲೆ ತಗ್ಗಿಸಿದೆ. ಕೈಯಲ್ಲಿ ಏನೂ ಇರಲಿಲ್ಲ.

ಅವಳು ಸ್ಟೂಲು ಹತ್ತಿ ನಿನ್ನ ಹೆರಾಲ್ಡನ್ನು ಬಹಳ ಹೊತ್ತು ನೋಡಿದಳು. ಮೋಟೆಬೆನ್ನೂರಿನ ಡಾಕ್ಟರರ ಕಾರು ನೆನಪಿಟ್ಟುಕೊಂಡು ನೀನು ಸಾಗವಾನಿಯಲ್ಲಿ ಅಚ್ಚು ಕೆತ್ತಿ, ಪ್ಲಾಸ್ಟಿಕ್ ಹಾಳೆ ಕಾಯಿಸಿ ಎಳೆದ ಮೈ ಅದು. ಗುಂಡುಪಿನ್ನು ತೇದು ಮಾಡಿದ ವೈಪರ್ ನೋಡಿ, "ಕಾಕಾ, ಮೋಸ ಮಾಡಿ ಗೆಲ್ಲಾವ್ರು ಇಷ್ಟು ಸಣ್ಣ ವೈಪರ್ ಯಾಕ ಮಾಡ್ತಾರ್ರಿ? ಇದು ತಿರುಗೂದೂ ಇಲ್ಲ" ಎಂದಳು.

ನಾಲ್ಕು ತಿಂಗಳಾಯಿತು ಈ ಮಾತಿಗೆ.

ಈಗ ವಿಷಯ. ಸಂಘದ ಕಟ್ಟಳೆ ನಿನಗೆ ಗೊತ್ತೇ ಇದೆ. ನಿಯಮ ಮುರಿದ ಗಾಡಿ ಮೊಳೆಗೆ ಹೋಗುತ್ತದೆ. ಮಾಡಿದವನು ಎಲ್ಲರೆದುರು ಒಪ್ಪಿಕೊಂಡರೆ ಇಳಿಯುತ್ತದೆ. ಎರಡು ವರ್ಷ ತುಂಬುವುದರೊಳಗೆ ಒಪ್ಪದಿದ್ದರೆ ಬಿಚ್ಚಿ ಹಂಚುವುದು. ನಿನ್ನದಕ್ಕೆ ಈ ಹತ್ತೊಂಬತ್ತನೇ ತಾರೀಖಿಗೆ ಎರಡು ವರ್ಷ. ಹದಿನಾರರ ರವಿವಾರ ವರ್ಷದ ರೇಸು ಇರುವುದರಿಂದ ಅವತ್ತೇ ಬಿಚ್ಚುವುದೆಂದು ಜನವರಿಯಲ್ಲಿ ಠರಾವಾಯಿತು. ಮೈ ಅಂಜಲಿಗೆ. ಹಿತ್ತಾಳೆಯ ಚಾಸಿ ಇಸಾಕಸಾಬನಿಗೆ. "ಮೋಟಾರು ಡಾಕಪ್ಪನ ಕೈಕೆಲಸ, ಅಂವಗ ಹೋಗ್ಲಿ" ಎಂದರು. ಅಂದರೆ ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ತಿಂಗಳು ಕುಳಿತಿದ್ದರೆ ಎಲ್ಲವೂ ಚೊಕ್ಕ.

ನಿನ್ನ ಗಾಡಿ ಮೊಳೆಗೆ ಹೋದ ದಿನದ ಓಟ ಇನ್ನೊಮ್ಮೆ ಹೇಳುತ್ತೇನೆ. ನೀನು ನಿನ್ನ ಕಡೆಯಿಂದ ಕಂಡಿದ್ದೀಯ, ನನ್ನ ಕಡೆಯಿಂದ ಕಂಡಿಲ್ಲ. ಕೊನೆಯ ಪಂದ್ಯ, ನಿನ್ನ ಹೆರಾಲ್ಡ್, ನನ್ನ ಫಿಯೆಟ್. ಮೊದಲ ಮೂರು ನಿಮಿಷ ಒಂದೊಂದು ಲೇನು, ಆಮೇಲಿನ ಮೂರು ನಿಮಿಷ ಅದಲುಬದಲು. ಮೊದಲರ್ಧಕ್ಕೆ ನೀನು ಅರ್ಧ ಸುತ್ತು ಮುಂದೆ. ಲೇನು ಬದಲಾದ ಮೇಲೆ ನಿನ್ನ ಗಾಡಿ ಬೆಲ್ಲದ ಮೇಲೆ ಹತ್ತಿದ ಹಾಗೆ ಜಗ್ಗತೊಡಗಿತು. ನಾನು ಗೆದ್ದೆ, ಅರ್ಧ ಸುತ್ತಿನಿಂದ. ಓಟ ಮುಗಿದ ಮೇಲೆ ಇಸಾಕಸಾಬ ಬಿಳಿ ಅರಿವೆಯಿಂದ ಟೈರು ಒರೆಸಿದ. ನನ್ನದು ಸ್ವಚ್ಛ. ನಿನ್ನದು ಒರೆಸಿದ ಅರಿವೆ ಕೆಂಪಗಾಯಿತು. ಮೆಣಸಿನಕಾಯಿಯ ಬಣ್ಣದ ಎಣ್ಣೆ. ಆ ಎಣ್ಣೆ ತೆಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವನು ನಮ್ಮಲ್ಲಿ ಒಬ್ಬನೇ. ಎಲ್ಲರೂ ನಿನ್ನ ಮುಖ ನೋಡಿದರು.

ನೀನು "ನಾ ಹಚ್ಚಿಲ್ಲೋ" ಎಂದೆ. ಎರಡನೇ ಸಲ ಹೇಳಲಿಲ್ಲ. ನನ್ನನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದೆ.

ಹಚ್ಚಿದವನು ನಾನು, ತಿರಕಪ್ಪ.

ದೀಪಾವಳಿಗೆ ನೀನು ನಮ್ಮ ಮನೆಗೆ ಆ ಎಣ್ಣೆಯದೊಂದು ಸಣ್ಣ ಬಾಟ್ಲಿ ತಂದಿದ್ದೆ, ಪಲ್ಯಕ್ಕೆ ಒಂದು ಹನಿ ಸಾಕು ಅಂದಿದ್ದೆ. ಮುಚ್ಚಳ ತೆಗೆದಾಗ ಬೆರಳಿಗೆ ಅಂಟಿದ್ದು ಎರಡು ದಿನ ಹೋಗಲಿಲ್ಲ. ಅಂಟುವ ವಸ್ತು ಟೈರಿಗೂ ಅಂಟುತ್ತದೆ ಎಂದು ನನ್ನ ತಲೆ ಅವತ್ತೇ ಬರೆದಿಟ್ಟುಕೊಂಡಿತು. ಓಟಕ್ಕೆ ಮೊದಲು ನನ್ನ ಫಿಯೆಟ್ಟಿನ ಹಿಂದಿನ ಎರಡೂ ಟೈರಿಗೆ ತಿಕ್ಕಿದೆ. ಕಪ್ಪು ಸ್ಪಂಜಿನ ಟೈರಿನ ಮೇಲೆ ಕೆಂಪು ಕಾಣಲಿಲ್ಲ. ಮುಗಿದ ಕೂಡಲೇ ಕಸ ಹತ್ತಿದೆ ಎಂದು ಸೀಮೆಎಣ್ಣೆಯ ಚಿಂದಿಯಿಂದ ಒರೆಸಿಕೊಂಡೆ. ನಿನಗೆ ಒರೆಸಿಕೊಳ್ಳುವ ಕಾರಣವಿರಲಿಲ್ಲ. ನನ್ನ ಲೇನಿನಲ್ಲಿ ನಾನು ಬಿಟ್ಟುಹೋದದ್ದೆಲ್ಲ ನಿನ್ನ ಟೈರು ಎತ್ತಿಕೊಂಡಿತ್ತು. ತೆಳ್ಳಗಿದ್ದರೆ ಹಿಡಿತ ಕೊಡುವ ಅಂಟು ದಪ್ಪಗಾದರೆ ಗಾಡಿಯನ್ನೇ ಜಗ್ಗುತ್ತದೆ. ಇಷ್ಟು ನಾನು ಮುಂಚೆ ಯೋಚಿಸಿದ್ದಲ್ಲ, ನಂಬು, ಬಿಡು. ನಾನು ಗೆಲ್ಲಬೇಕೆಂದಿದ್ದೆ, ನೀನು ಸಿಕ್ಕಿಬೀಳಬೇಕೆಂದಿರಲಿಲ್ಲ. ಆದರೆ ನೀನು ಸಿಕ್ಕಿಬಿದ್ದಾಗ ಗೆದ್ದವನ ಕಪ್ಪನ್ನು ಕೈಯಲ್ಲಿ ಹಿಡಿದು ನಿಂತಿದ್ದೆ, ಕೆಳಗಿಡಲಿಲ್ಲ.

ಯಾಕೆ ಮಾಡಿದೆ ಅಂದರೆ, ಸತತ ನಾಲ್ಕು ವರ್ಷ ನೀನು ಗೆದ್ದಿದ್ದೆ. ನಾಲ್ಕನೆಯ ವರ್ಷ ಚಹಾ ಕುಡಿಯುತ್ತ ಇಸಾಕಸಾಬ, "ಡಾಕಪ್ಪ ಮೋಟಾರ ಸುತ್ತಾಕ ಲಾಯಕ್ಕು, ಓಡಸೂದು ತಿರಕಪ್ಪನ ಕೆಲಸ" ಎಂದು ನಕ್ಕ. ನೀನೂ ನಕ್ಕೆ. ಬಸ್ ಸ್ಟ್ಯಾಂಡಿನ ಎದುರು ಒಂದು ಸ್ಟೂಲು ಹಾಕಿಕೊಂಡು ಮಿಕ್ಸರ್ ರಿಪೇರಿಯಿಂದ ಮೇಲೆ ಬಂದವನು ನಾನು. ಈಗ ಪಂಪ್‌ಸೆಟ್ ಮೋಟಾರು ಸುಟ್ಟರೆ ಮೂರು ತಾಲ್ಲೂಕಿನವರು ನನ್ನ ಅಂಗಡಿ ಹುಡುಕಿ ಬರುತ್ತಾರೆ. ಅಂಥವನಿಗೆ ಸೋತು ಅಭ್ಯಾಸವಿಲ್ಲ. ಇದು ಕಾರಣ, ಸಬೂಬಲ್ಲ. ಸರಿ, ಸಬೂಬೂ ಹೌದು.

ನಮ್ಮ ಪದ್ಧತಿ ನಿನಗೆ ನೆನಪಿದೆಯೋ ಇಲ್ಲವೋ. ಎರಡೂ ಗಾಡಿಗೆ ಮೈ ನಿನ್ನದು, ಎರಡೂ ಗಾಡಿಗೆ ಮೋಟಾರು ನನ್ನದು. ನನಗೂ ಅರವತ್ತು ಸುತ್ತು, ನಿನಗೂ ಅರವತ್ತು ಸುತ್ತು, ನನ್ನ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿದೆ. ನೀನು ಬಿಟ್ಟುಹೋದ ಮೇಲೆ ನನ್ನ ಫಿಯೆಟ್ಟಿಗೆ ಹೊಸ ಮೈ ಮಾಡಲು ನಾನೇ ಕುಳಿತೆ. ಮೂರು ಹಾಳೆ ಹಾಳಾದವು. ನಾಲ್ಕನೆಯದನ್ನು ನೋಡಿ ನನ್ನ ಹೆಂಡತಿ ಉಚ್ಚಂಗೆವ್ವ, "ಇದು ಕಾರಲ್ಲರಿ, ಮಲಗಿದ ಎಮ್ಮಿ" ಎಂದಳು. ಆಮೇಲೆ ಸುಮ್ಮನಿರಲಾರದೆ, "ತಿರಕಣ್ಣಗ ಹೇಳಿದ್ರ ಮಾಡಿಕೊಡ್ತಿದ್ರು. ಅವರು ಕೊಟ್ಟ ಬಾಟ್ಲಿನೂ ಕಾಣವಲ್ದು. ಏನ ಮಾಡೀರಿ ಇಬ್ಬರೂ ಕೂಡಿ?" ಎಂದು ಕೇಳಿದಳು. ಇಬ್ಬರೂ ಕೂಡಿ ಎಂಬುದೊಂದನ್ನು ಬಿಟ್ಟರೆ ಅವಳ ಪ್ರಶ್ನೆ ಸರಿಯಾಗಿತ್ತು.

ಮೊನ್ನೆ ರವಿವಾರ ಹಾವೇರಿಗೆ ಹೋದೆ. ಅಂಜಲಿ ಹೆರಾಲ್ಡಿನ ಅಳತೆ ಬರೆದುಕೊಳ್ಳುತ್ತಿದ್ದಳು, ಬಿಚ್ಚಿದ ಮೇಲೆ ಎಲ್ಲಿ ಯಾವುದಿತ್ತು ಎಂದು ಮರೆಯಬಾರದಂತೆ. ಅಷ್ಟು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಎದ್ದು ನಿಂತು ಎಣ್ಣೆಯ ಸಂಗತಿ ಹೇಳಿಬಿಟ್ಟೆ. ಓಡುತ್ತಿದ್ದ ಗಾಡಿಗಳು ನಿಂತವು.

ಇಸಾಕಸಾಬ ಕೈಯಲ್ಲಿದ್ದ ಪಾಲಿಶ್ ಕಾಗದ ಕೆಳಗಿಟ್ಟ. "ಎರಡು ವರ್ಷ ನನ್ನ ಮುಂದ ಕುಂತು ಚಾ ಕುಡದಿ ಅಲ್ಲೋ ಡಾಕಪ್ಪ" ಎಂದ. ಅಷ್ಟೇ. ಬೈದಿದ್ದರೆ ಚಲೋ ಇತ್ತು.

ಆಮೇಲೆ ಸ್ಟೂಲು ತಂದು ನನ್ನ ಮುಂದಿಟ್ಟ. "ಹತ್ತು. ಅವನ ಗಾಡಿ ನೀನ ಇಳಸು, ನಿನ್ನ ಗಾಡಿ ನೀನ ಏರಸು." ಹಾಗೆಯೇ ಮಾಡಿದೆ. ಒಪ್ಪಿಕೊಂಡವನ ಗಾಡಿ ಕೂಡಲೇ ಇಳಿಯಬೇಕಲ್ಲ, ಕಟ್ಟಳೆ ಹಾಗೇ ಇದೆಯಲ್ಲ ಎಂದು ಕೇಳಿದೆ. ನನ್ನ ಸ್ವಭಾವ, ಏನು ಮಾಡಲಿ. ಇಸಾಕಸಾಬ ಹೇಳಿದ: "ನೀ ಒಪ್ಪಿದ್ದು ನಮ್ಮ ಮುಂದ. ತಿರಕಪ್ಪನ ಮುಂದಲ್ಲ. ಅಂವ ಬಂದು ತನ್ನ ಕೈಲೆ ಇಳಸಬೇಕು. ಬರಲಿಲ್ಲಂದ್ರ ಇವತ್ತಿನಿಂದ ನಿನಗ ಎರಡು ವರ್ಷ."

ಕಪ್ಪನ್ನೂ ಅಲ್ಲೇ ಬಿಟ್ಟು, ನಿನಗೆ ಮುಟ್ಟಿಸಲು ಹೆರಾಲ್ಡನ್ನು ಎತ್ತಿಕೊಂಡು ಬಂದೆ. ಅದರ ಮೇಲೆ ಹೆಸರು ತಿದ್ದಿಸುವ ಕೆಲಸ ಅಂಜಲಿ ಹಿಡಿದಿದ್ದಾಳೆ.

ಹದಿನಾರನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ರೇಸು. ಬಾ ಎಂದು ಹೇಳುವ ಬಾಯಿ ನನಗಿಲ್ಲ. ಬಂದರೆ ಹೆರಾಲ್ಡ್ ಓಡಿಸಲಿಕ್ಕೆ ಬಾ, ನನ್ನ ಫಿಯೆಟ್ ಇಳಿಸಲಿಕ್ಕೆ ಬರಬೇಡ. ಅದು ಅಲ್ಲೇ ಇರಲಿ, ಅದರ ಮೈ ನೀನು ಮಾಡಿದ್ದು, ಮೊಳೆಯ ಮೇಲೂ ಚೆನ್ನಾಗಿಯೇ ಕಾಣುತ್ತದೆ.

ಉಚ್ಚಂಗೆವ್ವಳಿಗೂ ಎಲ್ಲ ಹೇಳಿದ್ದೇನೆ. ಎರಡು ದಿನದಿಂದ ನನ್ನ ಸಂಗಡ ಮಾತಿಲ್ಲ. ನಿನಗೆ ನಮಸ್ಕಾರ ತಿಳಿಸು ಎಂದು ಗೋಡೆಗೆ ಹೇಳಿದಳು, ನಾನು ಕೇಳಿಸಿಕೊಂಡು ಬರೆದಿದ್ದೇನೆ.

ಇತಿ,
ನಿನ್ನ ಬಾಟ್ಲಿಯ ಮುಚ್ಚಳ ತೆಗೆದವನು,
ಡಾಕಪ್ಪ

ತಾ.ಕ.: ಕಾಗದ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಈಗ ಡಬ್ಬಿ ತೆಗೆ. ಹೆರಾಲ್ಡಿನ ಜೊತೆ ಒಂದು ಕಾಗದದ ಪೊಟ್ಟಣವಿದೆ, ಅದರಲ್ಲಿರುವುದು ನಿನ್ನ ಗಾಡಿಯ ಹಳೆಯ ಮೋಟಾರಿನ ಸುತ್ತಿದ ತಂತಿ, ಆ ಓಟದ ದಿನ ಇದ್ದದ್ದೇ. ಒಂದು ತುದಿಗೆ ಕೆಂಪು ದಾರ ಕಟ್ಟಿದ್ದೇನೆ, ಅಲ್ಲಿಂದ ಬಿಚ್ಚಿ ಎಣಿಸು. ಮೇಲೆ ಅರವತ್ತು ಎಂದು ಬರೆದದ್ದು ಸುಳ್ಳು, ನೋಟ್‌ಬುಕ್ಕಿನಲ್ಲಿರುವುದೂ ಸುಳ್ಳು. ಎಪ್ಪತ್ತೆರಡು ಇದೆ. ಸುತ್ತು ಹೆಚ್ಚಿದಷ್ಟೂ ಓಟ ಕಡಿಮೆ, ಅದು ನಿನಗೂ ಗೊತ್ತು. ಆ ವರ್ಷ ಬೇಕೆಂದೇ ನಿನಗೆ ಹಾಗೆ ಸುತ್ತಿ ಕೊಟ್ಟೆ. ಅಷ್ಟಾದರೂ ಅಭ್ಯಾಸದ ಓಟದಲ್ಲಿ ನೀನೇ ಮುಂದೆ ಬಂದೆ, ಅದಕ್ಕೇ ಎಣ್ಣೆಗೆ ಕೈ ಹಾಕಿದ್ದು. ರವಿವಾರ ಎಲ್ಲರೆದುರು ಎಣ್ಣೆ ಒಪ್ಪಿಕೊಂಡೆ, ಇದನ್ನು ನುಂಗಿಕೊಂಡೆ. ಈಗ ಗಾಡಿಯೊಳಗೆ ಹೊಸದು ಹಾಕಿದ್ದೇನೆ, ಅರವತ್ತು. ನನ್ನ ಮಾತು ನಂಬಬೇಡ, ರವಿವಾರ ಹಾವೇರಿ ಬಿಡುವ ಮುಂಚೆ ಅಂಜಲಿಯನ್ನು ಕೂರಿಸಿಕೊಂಡು ಅವಳು ಎಣಿಸಿದಂತೆ ಸುತ್ತಿದ್ದೇನೆ. ಹದಿನಾರಕ್ಕೆ ಬಂದರೆ ಆ ಪೊಟ್ಟಣ ತಾ. ಅದನ್ನೂ ಮೊಳೆಗೆ ನಾನೇ ಹಾಕುತ್ತೇನೆ.