ಹಬೆ ಕಂಡರೆ ‘ಯಾರು ಸತ್ರು?’ ಎನ್ನುವ ಊರಿನಿಂದ

ಮಾನ್ಯ ಜಿಲ್ಲಾ ಶಾಖ ಸರಬರಾಜು ಅಧಿಕಾರಿಗಳೇ,

ತಿಖಾಯಾ ಗ್ರೀವಾದ ಸಾರ್ವಜನಿಕ ಸ್ನಾನಗೃಹದಲ್ಲಿ ಬಿಸಿನೀರು ‘ಉತ್ತಮವಾಗಿದೆ’ ಎಂದು ತಾವು ಬರೆದ ಉತ್ತರ ತಲುಪಿತು. ಬಹಳ ಸಂತೋಷವಾಯಿತು. ಆ ಕಾಗದವನ್ನು ತೊಟ್ಟಿಯಲ್ಲಿ ಅದ್ದಿಯೂ ನೋಡಿದೆವು, ನೀರು ಬಿಸಿಯಾಗಲಿಲ್ಲ. ವರ್ಷಗಳಿಂದ ನಮ್ಮ ಸ್ನಾನಗೃಹ ತಣ್ಣಗೆ ಕೂತಿದೆ. ಬಾಯ್ಲರ್ ಕೊಡಿ ಎಂದು ಕೇಳಿದಾಗಲೆಲ್ಲ, ನಿಮಗೆ ರೇಡಿಯೊ ಕೇಂದ್ರದಿಂದಲೇ ಬಿಸಿನೀರು ಬರುತ್ತಿದೆಯಲ್ಲ ಎನ್ನುತ್ತೀರಿ. ಆ ಕೇಂದ್ರ ಸತ್ತಿದೆ, ಸ್ವಾಮಿ. ಅದರ ಕಂಬಗಳನ್ನು ಉರುಳಿಸಿ ಗುಜರಿಗೆ ಹಾಕಿದವರು ತಮ್ಮ ಪಕ್ಕದ ಕೋಣೆಯವರೇ. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುತ್ತೀರಿ, ಒಮ್ಮೆಯಾದರೂ ಮಾತಾಡಬಾರದೇ?

ತಾವು ಚಿಕ್ಕವರು, ತಿಳಿದಿರಲಾರದು. ನಮ್ಮೂರಿನ ಹೆಸರಿಗೆ ‘ಮೌನದ ದಿಬ್ಬ’ ಎಂದರ್ಥ. ಸೋವಿಯತ್ ಕಾಲದಲ್ಲಿ ಈ ಮೌನದ ದಿಬ್ಬದಷ್ಟು ಗಲಾಟೆ ಮಾಡುವ ಊರು ದೇಶದಲ್ಲಿರಲಿಲ್ಲ. ಇಲ್ಲಿನ ರೇಡಿಯೊ ಪ್ರಸಾರ ಯಂತ್ರಗಳಲ್ಲಿ ಅರ್ಧದಷ್ಟು, ಮಾಸ್ಕೋದ ಮಾತನ್ನು ಲೋಕಕ್ಕೆಲ್ಲ ಸಾರುತ್ತಿದ್ದವು. ಉಳಿದರ್ಧ, ಹೊರದೇಶದ ರೇಡಿಯೊ ಮಾತು ನಮ್ಮ ಕಿವಿಗೆ ಬೀಳದಂತೆ ಅದರ ಮೇಲೆ ಗೊರಗೊರ ಸದ್ದು ಸುರಿಯುತ್ತಿದ್ದವು. ಯಂತ್ರದೊಳಗೆ ಕೆಂಪಗೆ ಕಾಯುವ ರೇಡಿಯೊ ವಾಲ್ವು ಒಂದೊಂದೂ ಹಾಲಿನ ಕ್ಯಾನಿನಷ್ಟು ದಪ್ಪ. ಅವು ಸುಟ್ಟುಹೋಗದಂತೆ ಸುತ್ತಲೂ ನೀರು ಹರಿಸಬೇಕಿತ್ತು. ಆ ನೀರಿನ ಕಾವೇ ಪೈಪಿನಲ್ಲಿ ಬಂದು ನಮ್ಮ ಸ್ನಾನಗೃಹವನ್ನು ಕಾಯಿಸುತ್ತಿತ್ತು. ಹಾಗಾಗಿ ಭಾಷಣ ಉದ್ದವಾದಷ್ಟೂ ನಮಗೆ ಲಾಭ. ಪಕ್ಷದ ಅಧಿವೇಶನದ ವರದಿ ಇನ್ನೂ ಸ್ವಲ್ಪ ಹೊತ್ತು ಸಾಗಲಿ ಎಂದು ಮನಸಾರೆ ಹಾರೈಸಿದವರು ಜಗತ್ತಿನಲ್ಲಿ ನಾವೊಬ್ಬರೇ ಇರಬೇಕು.

ಇನ್ನು ಮಾಸ್ಕೋದಲ್ಲಿ ದೇಶ ಆಳುವ ಮೇಲಿನವರು ಯಾರಾದರೂ ತೀರಿಕೊಂಡರೆ ಇಡೀ ದಿನ ಶೋಕಸಂಗೀತ, ಎಲ್ಲ ಯಂತ್ರಗಳೂ ಒಟ್ಟಿಗೆ. ಅತ್ತು ಬಂದವರಿಗೆ ಕುದಿಯುವ ನೀರು ಸಿದ್ಧ. ಮೇಲಿನವರು ಒಬ್ಬರ ಹಿಂದೊಬ್ಬರು ಹೋದ ಆ ವರ್ಷಗಳಲ್ಲಿ ನಮ್ಮಷ್ಟು ಶುಭ್ರವಾದ ಜನ ಈ ಪ್ರಾಂತದಲ್ಲೇ ಇರಲಿಲ್ಲ. ಅಂದಿನಿಂದ ಸ್ನಾನಗೃಹದ ಮೇಲೆ ದಟ್ಟ ಹಬೆ ಕಂಡರೆ ನಮ್ಮವರ ಬಾಯಿಗೆ ಬರುವ ಮೊದಲ ಮಾತು, “ಯಾರು ಸತ್ರು?”

ಆಮೇಲೆ ದೇಶ ಒಡೆಯಿತು. ಅವೇ ಯಂತ್ರಗಳನ್ನು ಹೊರದೇಶದ ಧರ್ಮಪ್ರಚಾರಕರು ಬಾಡಿಗೆಗೆ ಹಿಡಿದರು. ಯಾರ ಮಾತು ಮುಚ್ಚಿಹಾಕಿ ಮೀಯುತ್ತಿದ್ದೆವೋ ಈಗ ಅವರ ಮಾತಿನಲ್ಲೇ ಮಿಂದೆವು. ನರಕದ ಬೆಂಕಿಯ ಬಗ್ಗೆ ಅವರು ಹೇಳಿದ್ದು ನಿಜವೋ ಸುಳ್ಳೋ, ನೀರಂತೂ ಚೆನ್ನಾಗಿ ಕಾಯುತ್ತಿತ್ತು. ಕೊನೆಗೆ ರೇಡಿಯೊ ಕೇಳುವವರೇ ಇಲ್ಲವಾದರು, ಪ್ರಚಾರಕರೂ ಹೋದರು, ಯಂತ್ರಗಳೂ ನಿಂತವು.

ನಮ್ಮ ದೂರಿಗೆ ಮರುಗಿ ತಾವು ಕಳೆದ ಫೆಬ್ರವರಿಯಲ್ಲಿ ಒಬ್ಬ ಪರಿವೀಕ್ಷಕರನ್ನು ಕಳುಹಿಸಿದಿರಿ. ನಾನು ಈ ಸ್ನಾನಗೃಹದ ಕ್ಷೌರಿಕ, ಅಂದು ಅಲ್ಲೇ ಇದ್ದೆ. ಆತ ಬಸ್ಸಿನಿಂದ ಇಳಿದಾಗ ಹಲ್ಲು ಕಟಕಟ ಎನ್ನುತ್ತಿದ್ದವು. ಚಳಿಯಲ್ಲಿ ಬಂದ ಅತಿಥಿಯನ್ನು ಮೀಯಿಸದೆ ಮಾತಿಗೆ ಕೂರಿಸುವ ಪದ್ಧತಿ ನಮ್ಮಲ್ಲಿಲ್ಲ. ಸ್ನಾನಗೃಹವನ್ನು ಜೀವನವಿಡೀ ನೋಡಿಕೊಂಡ ಗ್ಲಾಫಿರಾ ಸವ್ವಿಚ್ನಾ, ವಯಸ್ಸು ಎಂಬತ್ತು ದಾಟಿದೆ, ಸೀದಾ ಮನೆಗೆ ಹೋಗಿ ತನ್ನ ಚಳಿಗಾಲದ ಸೌದೆಯನ್ನು ಹಿಮದ ಮೇಲೆ ಜಾರುಬಂಡಿಯಲ್ಲಿ ಎಳೆದು ತಂದಳು. ಮೂಲೆಯಲ್ಲಿದ್ದ ಹಳೇ ಇಟ್ಟಿಗೆ ಒಲೆಗೆ ತುಂಬತೊಡಗಿದಳು.

“ಬೇಡ ಗ್ಲಾಫಿರಾ ಸವ್ವಿಚ್ನಾ! ಅವ್ರು ಬಂದಿರೋದೇ ತಣ್ಣೀರು ನೋಡೋಕೆ!” ಎಂದೆ ನಾನು.

“ನೋಡ್ಲಿ ಬಿಡೋ ಎಮೆಲ್ಯಾ. ಮೊದ್ಲು ಮೀಯ್ಲಿ. ತುಟಿ ನೋಡು, ನೀಲಿಗಟ್ಟಿದೆ ಪಾಪ.”

ಹಬೆ ಎದ್ದಿತು. ಎದುರು ಬೀದಿಯಿಂದ ಅಂಚೆಯವಳು ಕೂಗಿದಳು: “ಯಾರು ಸತ್ರು?”

“ಯಾರೂ ಇಲ್ಲ ಕಣೇ, ಸರ್ಕಾರ ಬಂದಿದೆ!” ಎಂದು ನಾನು ಕೂಗಿದೆ.

“ಹಂಗಾದ್ರೆ ಸ್ವಲ್ಪ ತಡಿ, ಸಾಯ್ತೀವಿ!”

ಪರಿವೀಕ್ಷಕರು ಹಬೆಯಲ್ಲಿ ಕೂತು, ನಮ್ಮ ಪದ್ಧತಿಯಂತೆ ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಮೈ ಬಡಿಸಿಕೊಂಡು ಕೆಂಪಗಾಗಿ ಹೊರಬಂದರು. ಉಪ್ಪುಸೌತೆ ತಿಂದರು, ಚಹಾ ಕುಡಿದರು. ನಾನು ಗಡ್ಡವನ್ನೂ ಬೋಳಿಸಿದೆ. “ಅಜ್ಜೀ, ಇಂಥ ಸ್ನಾನ ಪಟ್ಟಣದಲ್ಲೂ ಸಿಗಲ್ಲ!” ಎಂದು ಆಕೆಯ ಕೈ ಕುಲುಕಿ, ಕಂಡದ್ದನ್ನು ಕಂಡಂತೆ, ‘ಬಿಸಿನೀರು ಉತ್ತಮವಾಗಿದೆ’ ಎಂದು ತಮಗೆ ಬರೆದು ಕಳುಹಿಸಿದರು. ಪ್ರಾಮಾಣಿಕ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೊರಬರುವಷ್ಟರಲ್ಲಿ ಸೌದೆ ಮುಗಿದಿತ್ತು. ಗ್ಲಾಫಿರಾ ಮೀಯಲಿಲ್ಲ. ಮಾರ್ಚ್ ತಿಂಗಳಿಡೀ ಮನೆಯೊಳಗೇ ಕೋಟು, ಬೂಟು ಹಾಕಿಕೊಂಡು ಕಳೆದಳು. ಇದನ್ನು ನೆನೆದರೆ ನನಗೆ ನಗು ನಿಂತುಹೋಗುತ್ತದೆ, ಅಧಿಕಾರಿಗಳೇ.

ಮೊದಲ ಹಿಮ ಬೀಳುವ ಮುನ್ನ ಬಾಯ್ಲರ್ ಕಳುಹಿಸಿ. ಆಗದು ಎಂದಾದರೆ ಆ ಯಂತ್ರಗಳನ್ನೇ ಮತ್ತೆ ಹೂಡಿ, ತಾವೇ ಬಂದು ಮಾತಾಡಿ; ತಮ್ಮ ಭರವಸೆಗಳ ಉದ್ದಕ್ಕೆ ಮೂರು ಹಳ್ಳಿಗಳು ಮೀಯಬಹುದು. ಮತ್ತೆ ಪರಿವೀಕ್ಷಕರನ್ನು ಮಾತ್ರ ಕಳುಹಿಸಬೇಡಿ, ನಮ್ಮಲ್ಲಿ ಸೌದೆ ಉಳಿದಿಲ್ಲ. ಒಂದು ದಿನ ಮತ್ತೆ ಆ ಹಬೆ ಏಳಬೇಕು. ಅಂಚೆಯವಳು ಬೀದಿಯಿಂದ “ಯಾರು ಸತ್ರು?” ಎಂದು ಕೂಗಬೇಕು. ಆಗ ಒಳಗಿನಿಂದ ಗ್ಲಾಫಿರಾ ಸವ್ವಿಚ್ನಾಳೇ ಉತ್ತರ ಕೊಡಬೇಕು: “ಯಾರೂ ಇಲ್ಲ ಕಣೇ, ನಾನು ಮೀಯ್ತಾ ಇದೀನಿ!”

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಬೆಚ್ಚಗಿರುವ,
ಎಮೆಲ್ಯಾನ್ ತ್ಯುರಿನ್
ತಣ್ಣೀರಿನ ಕ್ಷೌರಿಕ, ತಿಖಾಯಾ ಗ್ರೀವಾ